ಓರಗಿತ್ತಿ ಓಡುವ ಊರು

ನನ್ನ ಓರಗಿತ್ತಿಗೆ ಚಿತ್ರದುರ್ಗಕ್ಕೆ ವರ್ಗವಾಗಿದೆ ಎಂಬ ಸುದ್ದಿ ಬಂದ ಸಂಜೆ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅವಳು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು, ನನ್ನ ಗಂಡನ ತಮ್ಮನ ಹೆಂಡತಿ. ಯಲಹಂಕದ ಪುಟ್ಟೇನಹಳ್ಳಿಯಲ್ಲಿ, ಒಂದು ಕಾಲಕ್ಕೆ ಮಾವನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಕಟ್ಟಿಸಿದ ಮನೆ ನಮ್ಮದು. ಕೆಳಗೆ ನಾವು ಮತ್ತು ಅತ್ತೆ, ಮೇಲೆ ಅವರು. ಮದುವೆಯಾಗಿ ಬಂದಾಗಿನಿಂದ ಅವಳು ಬೆಂಗಳೂರು ಬಿಟ್ಟು ಹೊರಗೆ ಕೆಲಸ ಮಾಡಿದವಳಲ್ಲ.

ಅತ್ತೆ ಟೀವಿ ಆರಿಸಿ, "ಆ ಬಿಸ್ಲೂರಲ್ಲಿ ಹೋಗಿ ಏನ್ ಮಾಡ್ತೀಯೇ ತಾಯಿ?" ಎಂದರು.

ಅವಳಿಗೆ ಸಮಾಧಾನ ಹೇಳುವುದರಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ. "ಎರಡು ಮೂರು ವರ್ಷ ಅಷ್ಟೇ ಕಣೇ, ಕಣ್ಮುಚ್ಚಿ ಕಣ್ ಬಿಡೋದ್ರೊಳಗೆ ಕಳ್ದೋಗುತ್ತೆ" ಎಂದು ಬೆನ್ನು ಸವರಿದೆ. ಅವಳ ಬಗ್ಗೆ ನಿಜವಾಗಿಯೂ ಕನಿಕರವಾಗಿತ್ತು. ಆದರೆ ಆ ಕನಿಕರದ ಅಡಿಯಲ್ಲಿ ಸಣ್ಣದೊಂದು ನೆಮ್ಮದಿಯೂ ಇತ್ತು. ಅದಕ್ಕೆ ಕಾರಣ ನಮ್ಮಿಬ್ಬರ ಓಟ.

ಓಟ ಶುರು ಮಾಡಿದ್ದು ನಾನು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ನಡೆದು ನಡೆದು ಬೇಜಾರಾಗಿ ಒಂದು ಬೆಳಿಗ್ಗೆ ಕೆರೆಯ ಬೇಲಿಯ ಪಕ್ಕದ ರಸ್ತೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು ಓಡಿಬಿಟ್ಟೆ. ಒಂದು ವಿದ್ಯುತ್ ಕಂಬದಿಂದ ಇನ್ನೊಂದು ಕಂಬದವರೆಗೆ ಓಡುವಷ್ಟರಲ್ಲಿ ಏದುಸಿರು ಬಂತು. ಆದರೆ ಶಾಲೆ ಬಿಟ್ಟ ಮೇಲೆ ಎಂದೂ ಸಿಗದಿದ್ದ ಏನೋ ಒಂದು ಮೈಯೊಳಗೆ ಮತ್ತೆ ಸಿಕ್ಕಿತು. ಕೆಲವು ತಿಂಗಳ ಬಳಿಕ ಓರಗಿತ್ತಿ, "ಅಕ್ಕ, ನಾನೂ ಬರ್ಲಾ?" ಎಂದು ಮಹಡಿಯಿಂದ ಇಳಿದು ಬಂದಳು. ದುಪಟ್ಟಾ ಸೊಂಟಕ್ಕೆ ಬಿಗಿದು, ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಬಂದಿದ್ದಳು. ಶೂ ಕೊಡಿಸಿದ್ದು ನಾನು. ಉಸಿರನ್ನು ಹೇಗೆ ಬಿಡಬೇಕು, ಏರು ಬಂದಾಗ ಹೆಜ್ಜೆ ಹೇಗೆ ಚಿಕ್ಕದು ಮಾಡಬೇಕು ಎಂದು ಹೇಳಿಕೊಟ್ಟಿದ್ದೂ ನಾನೇ. ನಾನು ಮುಂದೆ, ಅವಳು ಹಿಂದೆ. ಅತ್ತೆ ಗೇಟಿನ ಬಳಿ ನಿಂತು, "ಯಾರಾದ್ರೂ ಅಟ್ಟಿಸ್ಕೊಂಡ್ ಬಂದ್ರೇನ್ರೇ?" ಎಂದು ನಗುತ್ತಿದ್ದರು. ಅಕ್ಕಪಕ್ಕದವರು ನಮ್ಮನ್ನು ಓಡೋ ಸೊಸೆಯರು ಎಂದು ಕರೆಯುತ್ತಿದ್ದರು. ಅದರಲ್ಲಿ ಮೊದಲನೆಯ ಸೊಸೆ ನಾನು ಎಂಬುದು ನನಗೆ ಬಹಳ ಮುಖ್ಯವಾಗಿತ್ತು.

ಆದರೆ ವರ್ಗದ ಸುದ್ದಿ ಬರುವ ಹೊತ್ತಿಗೆ ಅವಳ ಶೂ ಸದ್ದು ನನ್ನ ಬೆನ್ನ ಹಿಂದೆ ತೀರಾ ಹತ್ತಿರದಲ್ಲಿ ಕೇಳತೊಡಗಿತ್ತು. ನನಗಿಂತ ಆರು ವರ್ಷ ಚಿಕ್ಕವಳು. ಇಂದಲ್ಲ ನಾಳೆ ಮುಂದೆ ಹೋಗುತ್ತಾಳೆ ಎಂದು ನನಗೆ ಗೊತ್ತಿತ್ತು. ಈಗ ಆ ಪ್ರಮೇಯವೇ ಇಲ್ಲ, ಅಲ್ಲಿಗೆ ಹೋದಮೇಲೆ ಓಟ ತಾನಾಗಿಯೇ ಬಿಟ್ಟುಹೋಗುತ್ತದೆ ಎಂದುಕೊಂಡೆ. ಸಣ್ಣ ಊರು, ಹೆಂಗಸರು ರಸ್ತೆಯಲ್ಲಿ ಓಡಿದರೆ ಜನ ನಿಂತು ನೋಡುತ್ತಾರೆ, ಜೊತೆಗೆ ಆ ಬಿಸಿಲು. ಅವಳ ಓಟ ಮುಗಿಯಿತು ಎಂದೇ ನನ್ನ ಲೆಕ್ಕ.

ಮೈದುನ ಟ್ರ್ಯಾಕ್ಟರ್ ಮಾರುವ ಕಂಪನಿಯಲ್ಲಿದ್ದ. ಅವನಿಗೂ ಆ ಕಡೆಯ ತಾಲೂಕುಗಳನ್ನೇ ಕೊಟ್ಟರು. ಇಬ್ಬರೂ ಸಾಮಾನು ಹೊತ್ತು ಹೊರಟರು. ಮಹಡಿ ಖಾಲಿಯಾಯಿತು.

ಒಂದು ತಿಂಗಳು ಅವಳು ಓಟದ ಮಾತೇ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಒಂದು ಭಾನುವಾರ ಫೋನಿಗೆ ಒಂದು ವಿಡಿಯೋ ಬಂತು. ನಾನಾಗ ಏರ್‌ಪೋರ್ಟ್ ರಸ್ತೆಯ ಸರ್ವೀಸ್ ರೋಡಿನಲ್ಲಿ ಓಡಿ ಬಂದು, ಮೂಗಿನೊಳಗಿನ ಕಪ್ಪು ಧೂಳು ತೊಳೆದುಕೊಳ್ಳುತ್ತಿದ್ದೆ. ವಿಡಿಯೋ ತೆರೆದೆ. ಒಂದು ಖಾಲಿ ರಸ್ತೆ. ಎರಡೂ ಕಡೆ ಕುರುಚಲು ಕಾಡು. ಎದುರಿಗೆ ಬಂಡೆಗಳ ಗುಡ್ಡ, ಅದರ ನೆತ್ತಿಯಲ್ಲಿ ಗಾಳಿಯಂತ್ರಗಳು ಸಾವಕಾಶವಾಗಿ ತಿರುಗುತ್ತಿವೆ. ಹಿನ್ನೆಲೆಯಲ್ಲಿ ಅವಳ ಉಸಿರು, ಅವಳ ಹೆಜ್ಜೆ, ಎಲ್ಲೋ ಒಂದು ನವಿಲು. ಕೆಳಗೆ ಬರೆದಿದ್ದಳು: 'ಮನೆಯಿಂದ ಇಲ್ಲಿಗೆ ಹತ್ತೇ ನಿಮಿಷ ಅಕ್ಕ.'

ಹೊಟ್ಟೆಕಿಚ್ಚು ಅನ್ನುವುದು ಬರೀ ಮಾತಲ್ಲ, ಅದು ನಿಜವಾಗಿಯೂ ಹೊಟ್ಟೆಯಲ್ಲೇ ಹತ್ತಿಕೊಳ್ಳುತ್ತದೆ ಎಂದು ನನಗೆ ಆ ಬೆಳಿಗ್ಗೆ ತಿಳಿಯಿತು. ಎದೆಮೂಳೆಯ ಕೆಳಗೆ, ಖಾಲಿ ಹೊಟ್ಟೆಯಲ್ಲಿ ಖಾರ ತಿಂದ ಹಾಗೆ. 'ಚೆನ್ನಾಗಿದೆ, ಹುಷಾರು' ಎಂದಷ್ಟೇ ಬರೆದೆ.

ಆಮೇಲೆ ವಿಡಿಯೋಗಳು ಬರುತ್ತಲೇ ಇದ್ದವು. ಕೋಟೆಯ ಗೋಡೆಯ ಪಕ್ಕ ಓಡಿದ್ದು, ಚಂದ್ರವಳ್ಳಿಯ ಕೆರೆಯ ದಂಡೆಯಲ್ಲಿ ಓಡಿದ್ದು, ಕಡಲೆಕಾಯಿ ಹೊಲಗಳ ನಡುವಿನ ದಾರಿಯಲ್ಲಿ ಓಡಿದ್ದು. ನಾನು ನನ್ನ ಫೋನಿನಲ್ಲಿ ತೆಗೆದು ಕಳಿಸಬಹುದಾದದ್ದು ಏನಿತ್ತು? ಪುಟ್ಟೇನಹಳ್ಳಿ ಕೆರೆ ಹಕ್ಕಿಗಳಿಗೆ ಬಿಟ್ಟಿದ್ದು, ಬೇಲಿಯಾಚೆಯಿಂದ ನೋಡಬೇಕು. ಅದು ಸರಿಯೇ, ಹಕ್ಕಿಗಳೂ ಎಲ್ಲಿಗೆ ಹೋಗಬೇಕು. ಯಲಹಂಕ ಕೆರೆಯ ನಡಿಗೆ ಹಾದಿಯಲ್ಲಿ ಬೆಳಗಾಗುವ ಮೊದಲೇ ಜಾತ್ರೆಯಷ್ಟು ಜನ. ಮೂವರು ಕೈಕೈ ಹಿಡಿದು ಅಡ್ಡಲಾಗಿ ನಡೆಯುತ್ತಿದ್ದರೆ ಅವರ ಹಿಂದೆ 'ಸ್ವಲ್ಪ ಜಾಗ' ಎಂದು ಬೇಡುತ್ತಾ ಓಡಬೇಕು. ಮುಖ್ಯ ರಸ್ತೆಗೆ ಇಳಿದರೆ ಏರ್‌ಪೋರ್ಟಿಗೆ ಹಾರಿ ಹೋಗುವ ಟ್ಯಾಕ್ಸಿಗಳು. ನಮ್ಮ ಆಫೀಸಿನಲ್ಲಿ ತಣಿಸಂದ್ರದಿಂದ ಬರುವ ಸಹೋದ್ಯೋಗಿಯೊಬ್ಬರು, "ಅದಕ್ಕೇ ನಾನು ಹೊರಗೆ ಹೋಗೋದೇ ಇಲ್ಲ, ಅಪಾರ್ಟ್‌ಮೆಂಟ್ ಜಿಮ್ಮಲ್ಲಿ ಟ್ರೆಡ್‌ಮಿಲ್ ಮೇಲೇ ಓಡ್ತೀನಿ, ಎದುರಿಗೆ ಗೋಡೆ ಇದೆ, ಆದ್ರೆ ಗೋಡೆ ಹಾರ್ನ್ ಮಾಡಲ್ಲ" ಎನ್ನುತ್ತಿದ್ದರು.

ಒಂದು ದಿನ ಫೋನಿನಲ್ಲಿ ನಾನು ಬೇಕಂತಲೇ ಕೇಳಿದೆ. "ಜನ ನೋಡಲ್ವೇನೇ ಅಲ್ಲಿ? ಮುಜುಗರ ಆಗಲ್ವಾ?"

"ಮೊದಮೊದಲು ನೋಡೋರು ಅಕ್ಕ. ಯಾಕೆ ಮೇಡಂ, ಏನಾಯ್ತು ಅಂತ ಗಾಬರಿಯಾಗಿ ಕೇಳೋರು. ಈಗ ಒಂದಿನ ಹೋಗ್ಲಿಲ್ಲ ಅಂದ್ರೆ, ಯಾಕೆ ನಿನ್ನೆ ಬರ್ಲಿಲ್ಲ ಅಂತ ಕೇಳ್ತಾರೆ."

ಇಷ್ಟು ವರ್ಷ ನಾನು ಓಡುವ ದಾರಿಯಲ್ಲಿ ನನ್ನನ್ನು ಹಾಗೆ ಕೇಳಿದವರು ಒಬ್ಬರೂ ಇರಲಿಲ್ಲ.

ಆ ವರ್ಷದ ಕೊನೆಗೆ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರಿನ ಓಟವೊಂದಕ್ಕೆ ನಾನು ಹೆಸರು ಕೊಟ್ಟಿದ್ದೆ. ಅವಳೂ ಕೊಟ್ಟಳು. ಹಿಂದಿನ ದಿನ ಮನೆಗೆ ಬಂದಳು. ಬಾಗಿಲಲ್ಲಿ ಅವಳನ್ನು ನೋಡಿದ ಕೂಡಲೇ ನನಗೆ ಫಲಿತಾಂಶ ಗೊತ್ತಾಗಿಹೋಯಿತು. ಮೈ ಕಪ್ಪಾಗಿತ್ತು, ಮುಖ ಚೂಪಾಗಿತ್ತು, ಮೀನಖಂಡ ಹಗ್ಗ ಹೊಸೆದ ಹಾಗಿತ್ತು. ಅತ್ತೆ, "ಅಯ್ಯೋ, ಇಳಿದೋಗಿದ್ಯಲ್ಲೇ!" ಎಂದು ಅವಳಿಗೆ ಮುದ್ದೆಯ ಮೇಲೆ ಮುದ್ದೆ ಬಡಿಸಿದರು.

ಓಟದಲ್ಲಿ ಮೊದಲ ಸ್ವಲ್ಪ ದೂರ ಅವಳು ನನ್ನ ಪಕ್ಕದಲ್ಲೇ ಇದ್ದಳು. ಮಾತಾಡುತ್ತಿದ್ದಳು ಕೂಡ. ನನಗೆ ಮಾತಾಡುವಷ್ಟು ಉಸಿರಿರಲಿಲ್ಲ. ಒಂದು ಏರಿನ ಬುಡದಲ್ಲಿ, "ಅಕ್ಕ, ನಾನು ಸ್ವಲ್ಪ ಹೋಗ್ಲಾ?" ಎಂದು ಕೇಳಿದಳು. ಕೇಳದೆ ಹೋಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಕೈ ಬೀಸಿದೆ. ಆ ಏರಿನಲ್ಲಿ ಅವಳು ಹೋದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಅವಳಿಗೆ ಅದು ಏರು ಎನಿಸಿದಂತೆಯೇ ಕಾಣಲಿಲ್ಲ. ನಾನು ಮುಗಿಸಿ ಬರುವ ಹೊತ್ತಿಗೆ ಅವಳು ಬೆವರು ಆರಿಸಿಕೊಂಡು, ಬಾಳೆಹಣ್ಣು ತಿಂದು, ನನಗಾಗಿ ನೀರು ಹಿಡಿದು ನಿಂತಿದ್ದಳು.

"ನಾನೇನೂ ಮಾಡ್ತಿಲ್ಲ ಅಕ್ಕ, ಆ ಊರೇ ಓಡಿಸುತ್ತೆ" ಎಂದಳು.

ಅವಳು ವಿನಯಕ್ಕೆ ಹೇಳಿದ ಆ ಮಾತು ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಅವಳು ನನಗಿಂತ ಗಟ್ಟಿಗಿತ್ತಿ ಎಂದಾಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಊರು ಓಡಿಸುತ್ತದೆ ಎಂದರೆ, ಆ ಊರು ನನಗೆ ಸಿಕ್ಕಿದ್ದರೆ ನಾನೂ ಹಾಗೆ ಓಡುತ್ತಿದ್ದೆ ಎಂದಾಯಿತಲ್ಲ. ನಾವೆಲ್ಲ ಮರುಗಿ ಕಳಿಸಿಕೊಟ್ಟ ಆ ವರ್ಗವೇ ಅವಳಿಗೆ ವರವಾಗಿತ್ತು.

ಮರುವರ್ಷದ ದಸರಾ ರಜೆಯಲ್ಲಿ ನಾನೊಬ್ಬಳೇ ಚಿತ್ರದುರ್ಗಕ್ಕೆ ಹೊರಟೆ. ಮನೆಯಲ್ಲಿ ಹೇಳಿದ್ದು ಅವಳನ್ನು ನೋಡಿ ಬರುತ್ತೇನೆ ಎಂದು. ಬ್ಯಾಗಿನ ತಳದಲ್ಲಿ ಶೂ ಇತ್ತು. ಯಶವಂತಪುರದಲ್ಲಿ ಬಸ್ ಹತ್ತಿ, ಊರು ದಾಟುವುದಕ್ಕೇ ಅಷ್ಟು ಹೊತ್ತು ಹಿಡಿದಾಗ, ಇಷ್ಟರಲ್ಲಿ ಅವಳು ತನ್ನ ಇಡೀ ಊರನ್ನು ಒಂದು ಸುತ್ತು ಓಡಿ ಬಂದಿರುತ್ತಾಳೆ ಎಂದು ಲೆಕ್ಕ ಹಾಕುತ್ತಾ ಕೂತೆ.

ಅವರದು ಚಿಕ್ಕ ಬಾಡಿಗೆ ಮನೆ, ಮುಂದೆ ಒಂದು ಬೇವಿನ ಮರ. ಮೈದುನ ಸೀತಾಫಲದ ಬುಟ್ಟಿಯನ್ನೇ ತಂದಿಟ್ಟು, "ಅತ್ತಿಗೆ, ಇದು ಗುಡ್ಡದ ಹಣ್ಣು, ತಿಂದ್ ನೋಡಿ" ಎಂದ. ಕಾಲೇಜು ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅವಳು ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾಳಂತೆ. ಊಟವಾದ ಮೇಲೆ ಹತ್ತು ನಿಮಿಷ ಮಲಗುತ್ತಾಳಂತೆ. ಅದನ್ನು ಕೇಳಿದಾಗ, ಊರು ಹೇಗೆ ಓಡಿಸುತ್ತದೆ ಎಂಬುದಕ್ಕೆ ನನಗೆ ಮೊದಲ ಉತ್ತರ ಸಿಕ್ಕಿತು. ನನ್ನ ಕಾಲು ಪುಟ್ಟೇನಹಳ್ಳಿಯಿಂದ ಯಶವಂತಪುರದ ಆಫೀಸಿಗೆ ಹೋಗಿ ಬರುವಷ್ಟರಲ್ಲೇ, ಬಸ್ಸಿನಲ್ಲಿ ನಿಂತು ಹೆಬ್ಬಾಳದ ಜಾಮಿನಲ್ಲಿ ಸೋತು ಹೋಗುತ್ತದೆ. ಅವಳ ಕಾಲಿಗೆ ಓಡುವುದು ಬಿಟ್ಟು ಬೇರೆ ದಣಿವೇ ಇಲ್ಲ. ಹಾಗೆ ಉಳಿಸಿಕೊಂಡ ಕಾಲು ಅದು.

"ನಾಳೆ ಬೆಳಿಗ್ಗೆ ಒಟ್ಟಿಗೆ ಹೋಗೋಣ ಅಕ್ಕ" ಎಂದಳು. ಆಯಿತು ಎಂದೆ. ಆದರೆ ಬೆಳಿಗ್ಗೆ ಅವಳು ಏಳುವ ಮೊದಲೇ ಎದ್ದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಒಬ್ಬಳೇ ಹೊರಟೆ. ಅವಳು ತೋರಿಸಿ ನಾನು ನೋಡುವುದು ಬೇಡವಾಗಿತ್ತು. ಆ ಗುಡ್ಡದ ರಸ್ತೆಯನ್ನು ನಾನೇ ಮೊದಲು ಓಡಿ ನೋಡಬೇಕಿತ್ತು.

ಗಾಳಿ ತಣ್ಣಗಿತ್ತು. ಬಿಸಿಲೂರು ಎಂದು ನಾವು ಮಾತಾಡಿಕೊಂಡದ್ದು ನೆನಪಾಗಿ ನಾಚಿಕೆಯಾಯಿತು. ಎರಡು ಬೀದಿ ದಾಟುವಷ್ಟರಲ್ಲಿ ಕಾಫಿ ಅಂಗಡಿಯ ಮುಂದೆ ಮಫ್ಲರ್ ಸುತ್ತಿಕೊಂಡು ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿ ತಡೆದರು.

"ಮೇಡಂ ಬರ್ಲಿಲ್ವೇನ್ರೀ ಇವತ್ತು?"

ನನ್ನ ಓಡುವ ಬಟ್ಟೆ ನೋಡಿಯೇ ಅವರು ಅಂದಾಜು ಮಾಡಿದ್ದರು. "ನಾನು ಅವರ ಅಕ್ಕ" ಎಂದೆ.

"ಹಂಗಾ! ಹುಷಾರಾಗಿದಾರಲ್ವಾ?"

"ಹೂಂ, ಮಲಗಿದಾಳೆ."

"ಮಲಗ್ಲಿ ಮಲಗ್ಲಿ. ನೀವು ಆರಾಮ ಹೋಗ್ರಿ."

ಹೂವಿನ ಬುಟ್ಟಿ ಇಳಿಸುತ್ತಿದ್ದ ಹೆಂಗಸೂ ಅದನ್ನೇ ಕೇಳಿದಳು. ಸ್ಟೇಡಿಯಂ ಪಕ್ಕದಲ್ಲಿ ಓಡಲು ಬಂದಿದ್ದ ಕಾಲೇಜು ಹುಡುಗಿಯರು, "ಮೇಡಂ ಎಲ್ಲಿ ಆಂಟಿ?" ಎಂದರು. ಗೇಟು ತೆರೆದೇ ಇತ್ತು, ಒಳಗೆ ಟ್ರ್ಯಾಕು ಹೆಚ್ಚುಕಡಿಮೆ ಖಾಲಿ. ಯಾರೂ ಸದಸ್ಯತ್ವದ ಕಾರ್ಡು ಕೇಳುತ್ತಿರಲಿಲ್ಲ. ಊರಂಚಿನಲ್ಲಿ ಮೂರು ನಾಯಿಗಳು ಬಾಲ ಆಡಿಸುತ್ತಾ ನನ್ನ ಕಡೆಗೆ ಓಡಿಬಂದವು. ಹತ್ತಿರ ಬಂದು ಮೂಸಿ, ಅವಳಲ್ಲ ಎಂದು ಗೊತ್ತಾಗಿ ನಿಂತುಬಿಟ್ಟವು. ನಮ್ಮ ಬಡಾವಣೆಯಲ್ಲಿ ನಾಯಿಗಳಿಗೆ ಹೆದರಿ ಕೈಯಲ್ಲಿ ಕೋಲು ಹಿಡಿದು ಓಡುವವಳು ನಾನು. ಆ ನಾಯಿಗಳ ನಿರಾಸೆಯ ಮುಖ ನೋಡಿ ನನಗೆ ಅಳು ಬರುವಂತಾಯಿತು. ನಾಯಿಗಳನ್ನೂ ಒಲಿಸಿಕೊಂಡಿದ್ದಾಳಲ್ಲ!

ಊರು ಮುಗಿದೇ ಹೋಯಿತು. ಅದೇ ನನಗೆ ಎಲ್ಲಕ್ಕಿಂತ ಆಶ್ಚರ್ಯದ ವಿಷಯ. ನಮ್ಮಲ್ಲಿ ಎಷ್ಟು ಓಡಿದರೂ ಊರು ಮುಗಿಯುವುದಿಲ್ಲ. ಹೆಬ್ಬಾಳದ ಕಡೆ ಓಡಿದರೂ ಊರು, ಬಾಗಲೂರಿನ ಕಡೆ ಓಡಿದರೂ ಊರು. ಇಲ್ಲಿ ಕೊನೆಯ ಮನೆಯ ಬಚ್ಚಲ ಹೊಗೆ ಹಿಂದಾದ ಕೂಡಲೇ ಕಲ್ಲು, ಹುಲ್ಲು, ಆಕಾಶ. ಜೋಗಿಮಟ್ಟಿ ಗುಡ್ಡದ ಕಡೆ ಹೋಗುವ ರಸ್ತೆ ಏರತೊಡಗಿತು. ನಡೆಯಲು ಬಂದ ನಾಲ್ಕಾರು ಜನ ಬಿಟ್ಟರೆ ಯಾರೂ ಇಲ್ಲ. ನನ್ನ ಹೆಜ್ಜೆಯ ಸದ್ದು ನನಗೇ ಕೇಳಿಸಿತು. ನನ್ನ ಓಟಕ್ಕೂ ಒಂದು ಸದ್ದಿದೆ ಎಂಬುದೇ ಸರ್ವೀಸ್ ರೋಡಿನಲ್ಲಿ ಮರೆತುಹೋಗಿತ್ತು.

ಒಂದು ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿದೆ. ಇಡೀ ಊರು ಕೆಳಗೆ ಒಂದೇ ನೋಟದಲ್ಲಿ ಕಾಣುತ್ತಿತ್ತು. ಕೋಟೆ, ಕಾಲೇಜು, ಸಂತೆ, ಬಸ್ ನಿಲ್ದಾಣ, ಅವಳ ಮನೆಯ ದಿಕ್ಕಿನ ಮರಗಳು. ಓಡುವವರಿಗೆ ಇನ್ನೇನು ಬೇಕು? ಬೇಕಾದಾಗ ಒಳಗಿರಬಹುದು, ಬೇಡವೆನಿಸಿದಾಗ ಕಾಲಲ್ಲೇ ಹೊರಗೆ ಬಂದುಬಿಡಬಹುದು. ನನಗೆ ಸಂತೋಷವಾಗಬೇಕಿತ್ತು. ನಿಜ ಹೇಳುತ್ತೇನೆ, ನನಗೆ ಆದದ್ದು ಹೊಟ್ಟೆಕಿಚ್ಚು ಮಾತ್ರ. ಇದು ದಿನವೂ ಅವಳಿಗೆ ಸಿಗುತ್ತದೆ, ನನಗೆ ರಜೆಯಲ್ಲಿ ಎರಡು ದಿನ. ಆ ಸಿಟ್ಟಿಗೆ ಇಳಿಜಾರಿನಲ್ಲಿ ಮೈಮೇಲೆ ಪ್ರಜ್ಞೆಯಿಲ್ಲದೆ ಜೋರಾಗಿ ಓಡಿದೆ. ರಸ್ತೆಯ ಅಂಚಿನ ಜಲ್ಲಿಯ ಮೇಲೆ ಕಾಲು ಹೊರಳಿತು. ಬಿದ್ದೆ.

ಅಂಗೈ ಕಿತ್ತುಹೋಗಿತ್ತು, ಎಡ ಪಾದದ ಕೀಲು ನೋಡುತ್ತಿದ್ದಂತೆ ಊದಿಕೊಂಡಿತು. ವಾಕಿಂಗ್ ಬಂದಿದ್ದ ದಂಪತಿ ಓಡಿಬಂದು ಎತ್ತಿ ಕೂರಿಸಿದರು. ಹೆಂಡತಿ ತಮ್ಮ ಬಾಟಲಿಯ ನೀರಿನಿಂದ ನನ್ನ ಕೈ ತೊಳೆದರು. ಗಂಡ ಫೋನ್ ಮಾಡಿ ಪರಿಚಯದ ಆಟೋ ಕರೆಸಿದರು. ನನಗೆ ಮನೆಯ ವಿಳಾಸವೇ ಸರಿಯಾಗಿ ಗೊತ್ತಿರಲಿಲ್ಲ, ಫೋನನ್ನೂ ಮನೆಯಲ್ಲೇ ಬಿಟ್ಟು ಬಂದಿದ್ದೆ. ತಡವರಿಸುತ್ತಿದ್ದಾಗ ಆಟೋದವನು, "ಓಡೋ ಮೇಡಂ ಮನೆ ತಾನೇ? ಗೊತ್ತು, ಕೂತ್ಕಳ್ರಿ" ಎಂದ.

ಓಡೋ ಮೇಡಂ. ಆ ನೋವಿನಲ್ಲೂ ಆ ಎರಡು ಪದ ಚುಚ್ಚಿದವು.

ಓರಗಿತ್ತಿ ಗೇಟಿನಲ್ಲೇ ನಿಂತಿದ್ದಳು. ಎದ್ದು ನೋಡಿದಾಗ ಹಾಸಿಗೆ ಖಾಲಿ, ಶೂ ಇಲ್ಲ. ಗಾಬರಿಯಾಗಿ ಗಂಡನನ್ನು ಹುಡುಕಲು ಕಳಿಸಿದ್ದಳು. ನನ್ನನ್ನು ಒಳಗೆ ಕರೆತಂದು ಕೂರಿಸಿದಳು. ಟವೆಲಿನಲ್ಲಿ ಐಸ್ ಸುತ್ತಿ ಕಾಲಿಗೆ ಒತ್ತಿ ಹಿಡಿದು ಆಮೇಲೆ ಕೇಳಿದಳು.

"ಒಬ್ರೇ ಯಾಕೆ ಹೋದ್ರಿ?"

"ಸುಮ್ನೆ. ಎಚ್ಚರ ಆಯ್ತು."

"ಅಕ್ಕ."

ಅವಳು ತಲೆ ಎತ್ತದೆ ಐಸ್ ಒತ್ತುತ್ತಲೇ ಇದ್ದಳು. ಕಾಲಿನ ನೋವೋ, ಮೂರು ನಾಯಿಗಳ ನೆನಪೋ, ನನ್ನ ಬಾಯಿಂದ ಬಂದುಬಿಟ್ಟಿತು. "ನಂಗೆ ಹೊಟ್ಟೆಕಿಚ್ಚು ಕಣೇ. ಈ ಊರು, ಈ ರಸ್ತೆ, ಆ ಗಾಳಿ, ಎಲ್ಲಾ ನಿಂಗೇ ಯಾಕೆ ಸಿಗ್ಬೇಕಿತ್ತು? ಓಡೋದು ಕಲಿಸಿದ್ದು ನಾನು."

ಅವಳು ಸಾಂತ್ವನ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ನಕ್ಕಳು.

"ಗೊತ್ತು ಅಕ್ಕ. ಉರಿಲಿ ಅಂತಾನೇ ವಿಡಿಯೋ ಕಳಿಸ್ತಿದ್ದೆ."

ನಾನು ಬೆಚ್ಚಿ ನೋಡಿದೆ.

"ಏನಂದೆ?"

"ನಿಜಾನೇ ಹೇಳ್ತಿದೀನಿ. ಅಷ್ಟು ವರ್ಷ ನಿಮ್ಮ ಬೆನ್ನನ್ನೇ ನೋಡ್ಕೊಂಡು ಓಡಿದೀನಿ. ಒಂದಿನ ಆದ್ರೂ ತಿರುಗಿ ನೋಡಿದ್ರಾ? ಒಂದ್ಸಲ ನಾನು ಕೆರೆ ಹತ್ರ ಬಿದ್ದಿದ್ದೆ. ನೀವು ಮನೆಗೆ ಬಂದು ಕಾಫಿ ಕುಡೀತಾ ಇದ್ರಿ. ಎಲ್ಲರೂ ದೊಡ್ಡ ಸೊಸೆ ಓಡ್ತಾಳೆ, ಚಿಕ್ಕವಳು ಹಿಂದೆ ಹೋಗ್ತಾಳೆ ಅನ್ನೋರು. ನಂಗೂ ಉರೀತಿತ್ತು."

ಆ ದಿನ ನನಗೆ ನೆನಪೇ ಇರಲಿಲ್ಲ. ಟವೆಲಿನಿಂದ ನೀರು ತೊಟ್ಟಿಕ್ಕಿ ನೆಲವೆಲ್ಲ ಒದ್ದೆಯಾಗಿತ್ತು. ಆಗ ಮೈದುನ ಬೈಕಿನಲ್ಲಿ ಬಂದು ಬಾಗಿಲಲ್ಲಿ ನಿಂತು, "ಅತ್ತಿಗೆ, ಅರ್ಧ ಊರಿಗೆ ನೀವು ಬಿದ್ದಿದ್ದು ಗೊತ್ತಾಗಿದೆ. ನಂಗೆ ನಾಲ್ಕು ಜನ ಹೇಳಿದ್ರು" ಎಂದ. ಓರಗಿತ್ತಿ ನಗಲು ಶುರು ಮಾಡಿದಳು. ನನಗೂ ತಡೆಯಲಾಗಲಿಲ್ಲ.

ಎರಡು ದಿನ ಎಂದು ಹೋದವಳು ಹೆಚ್ಚು ಕಡಿಮೆ ಒಂದು ವಾರ ಉಳಿದೆ. ಕಾಲು ನೀಡಿ ಕೂತು ಮಂಡಕ್ಕಿ ಮಿರ್ಚಿ ತಿಂದೆ. ಅವಳು ಬೆಳಿಗ್ಗೆ ಓಡಿ ಬಂದು, ದಾರಿಯಲ್ಲಿ ಯಾರು ಯಾರು ನನ್ನ ಕಾಲನ್ನು ವಿಚಾರಿಸಿದರು ಎಂದು ಹೇಳುತ್ತಿದ್ದಳು. ಮಫ್ಲರಿನ ಹಿರಿಯರು ಯಾವುದೋ ಎಣ್ಣೆ ಕೊಟ್ಟು ಕಳಿಸಿದ್ದರು. ನಾನು ಆ ಎಣ್ಣೆ ಹಚ್ಚಿಕೊಳ್ಳುತ್ತಾ, ಅವಳ ಶೂಗೆ ಅಂಟಿದ ಕೆಮ್ಮಣ್ಣು ನೋಡುತ್ತಾ, ಮತ್ತೆ ಹೊಟ್ಟೆಕಿಚ್ಚು ಪಡುತ್ತಿದ್ದೆ. ಬಾಯಿಬಿಟ್ಟು ಹೇಳಿಕೊಂಡರೆ ಅದು ಹೋಗುತ್ತದೆ ಎನ್ನುತ್ತಾರೆ. ನನಗೆ ಹೋಗಲಿಲ್ಲ. ಅವಳಿಗೆ ಗೊತ್ತಿದೆ ಎಂಬ ಕಾರಣಕ್ಕೆ ಬಚ್ಚಿಡುವ ಕೆಲಸ ಮಾತ್ರ ತಪ್ಪಿತು.

ಕಾಲು ವಾಸಿಯಾಗಿ ನಾನು ಮತ್ತೆ ಓಡತೊಡಗಿದ ಮೇಲೆ, ಅವಳ ಇಲಾಖೆಯಲ್ಲಿ ವರ್ಗಾವಣೆಯ ಕೌನ್ಸೆಲಿಂಗ್ ಬಂತು. ಯಲಹಂಕದ ಹತ್ತಿರವೇ ಒಂದು ಕಾಲೇಜಿನಲ್ಲಿ ಜಾಗ ಖಾಲಿ ಇದೆ, ಕೇಳಿದರೆ ಅವಳಿಗೆ ಸಿಗುವ ಸಾಧ್ಯತೆ ಇದೆ ಎಂದು ಗೊತ್ತಾಯಿತು. ಅತ್ತೆಗೆ ಹಿಡಿಸಲಾರದಷ್ಟು ಖುಷಿ. ಮಹಡಿಯನ್ನು ತೊಳೆಸಿಯೇಬಿಟ್ಟರು. ಅವಳು ಮಾತ್ರ ಹೂಂ ಎನ್ನುತ್ತಿಲ್ಲ, ಊಹೂಂ ಎನ್ನುತ್ತಿಲ್ಲ.

"ನಿನ್ ಮಾತು ಕೇಳ್ತಾಳೆ ಕಣವ್ವ, ನೀನೇ ಹೇಳು" ಎಂದು ಅತ್ತೆ ನನಗೆ ದುಂಬಾಲು ಬಿದ್ದರು.

ನಾನು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಅವಳು ಬಂದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳೂ ಬಸ್ಸಿನಲ್ಲಿ ನಿಲ್ಲುತ್ತಾಳೆ. ಸರ್ವೀಸ್ ರೋಡಿನಲ್ಲಿ ಓಡುತ್ತಾಳೆ. ಒಂದು ವರ್ಷದಲ್ಲಿ ಆ ಮೀನಖಂಡ ಸಡಿಲಾಗುತ್ತದೆ, ನನ್ನ ಸಮಕ್ಕೆ ಬರುತ್ತಾಳೆ. ಅವಳು ಬರಲಿ ಎಂದು ನನ್ನಷ್ಟು ಆಸೆ ಅತ್ತೆಗೂ ಇರಲಿಲ್ಲ.

ಬೆಳಿಗ್ಗೆ ಫೋನ್ ಮಾಡಿದೆ.

"ಬರ್ಬೇಡ" ಎಂದೆ.

"ಯಾಕಕ್ಕ? ನಾನು ಬಂದ್ರೆ ನಿಧಾನ ಆಗ್ತೀನಿ. ನಿಮಗೆ ಖುಷಿ ಆಗಲ್ವಾ?"

"ತುಂಬಾ ಖುಷಿಯಾಗುತ್ತೆ. ಅದಕ್ಕೇ ಬರ್ಬೇಡ ಅಂತಿರೋದು."

ಅವಳು ಅತ್ತಳೋ ನಕ್ಕಳೋ ಫೋನಿನಲ್ಲಿ ಗೊತ್ತಾಗಲಿಲ್ಲ. ಯಲಹಂಕದ ಆ ಜಾಗವನ್ನು ಅವಳು ಕೇಳಲೇ ಇಲ್ಲ. ಅತ್ತೆ ನನ್ನ ಜೊತೆ ಎರಡು ದಿನ ಮಾತು ಬಿಟ್ಟರು. "ನಿಂಗೆ ಹೇಳು ಅಂದಿದ್ದು ಬಾ ಅನ್ನೋಕೋ, ಅಲ್ಲೇ ಇರು ಅನ್ನೋಕೋ?" ಎಂದು ಮೂರನೆಯ ದಿನ ಅವರೇ ಮಾತಾಡಿಸಿದರು.

ಅವಳಿಗೆ ಅಲ್ಲೇ ಇರು ಎಂದವಳು ನಾನು, ಆದರೆ ನನ್ನ ಗತಿ? ಹಟಕ್ಕೆ ಬಿದ್ದು ಒಂದು ಭಾನುವಾರ ಸ್ಕೂಟರ್ ತೆಗೆದುಕೊಂಡು ಬಾಗಲೂರು ದಾಟಿ ಹೋದೆ. ದ್ರಾಕ್ಷಿ ತೋಟವೊಂದರ ಪಕ್ಕ ಒಂದು ಮಣ್ಣಿನ ದಾರಿ ಸಿಕ್ಕಿತು. ಸ್ಕೂಟರ್ ನಿಲ್ಲಿಸಿ ಓಡಿದೆ. ವಾಹನವಿಲ್ಲ, ಹೊಗೆಯಿಲ್ಲ. ಬೆಳ್ಳಗಿನ ಎರಡು ಕೊಕ್ಕರೆ. ಹುಲ್ಲು ಹೊತ್ತು ಬರುತ್ತಿದ್ದ ಹೆಂಗಸೊಬ್ಬರು ದಾರಿ ಬಿಟ್ಟು ನಿಂತು ಕೇಳಿದರು.

"ಯಾಕವ್ವ ಇಂಗೆ ಓಡ್ತಿದ್ದೀಯ? ಬಸ್ಸು ಓಯ್ತಾ?"

"ಇಲ್ಲಮ್ಮ, ಸುಮ್ನೆ ಓಡ್ತಿದೀನಿ."

"ಸುಮ್ನೆನಾ! ಓಡವ್ವ, ಓಡು."

ಅದಾದ ಮೇಲೆ ಹೆಚ್ಚುಕಡಿಮೆ ಪ್ರತಿ ಭಾನುವಾರ ಅಲ್ಲಿಗೇ ಹೋದೆ. ಆ ಹೆಂಗಸು ಒಮ್ಮೆ, "ಓದ್ ವಾರ ಬರ್ನಿಲ್ಲ ನೀನು" ಎಂದಾಗ ನನಗಾದ ಸಂತೋಷ ಹೇಳತೀರದು. ಆ ದಾರಿ ಒಂದು ಮಳೆಗಾಲ, ಒಂದು ಚಳಿಗಾಲ ನನ್ನದಾಗಿತ್ತು. ಬೇಸಿಗೆ ಶುರುವಾಗುತ್ತಿದ್ದ ಹಾಗೆ ಒಂದು ದಿನ ಹೋದಾಗ ದ್ರಾಕ್ಷಿಯ ಚಪ್ಪರ ಬಿಚ್ಚಿದ್ದರು. ದಾರಿಯುದ್ದಕ್ಕೂ ಬಿಳಿ ಸುಣ್ಣದ ಗೆರೆ ಎಳೆದು ಸೈಟಿನ ಕಲ್ಲು ನೆಟ್ಟಿದ್ದರು. ಕಲ್ಲುಗಳ ನಡುವೆ ಸ್ವಲ್ಪ ದೂರ ಓಡಿದೆ, ಆಮೇಲೆ ಲಾರಿ ಬಂತು, ಪಕ್ಕಕ್ಕೆ ನಿಂತೆ.

ಮನೆಗೆ ಬಂದು ಓರಗಿತ್ತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಅಯ್ಯೋ ಎನ್ನಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಈ ಸಲ ಯುಗಾದಿಗೆ ನೀವೆಲ್ಲ ಇಲ್ಲಿಗೇ ಬಂದ್ಬಿಡಿ" ಎಂದಳು. "ಗುಡ್ಡದ ರಸ್ತೆಗೆ ಟಾರು ಹಾಕಿದಾರೆ ಅಕ್ಕ, ಈಗ ಇನ್ನೂ ಚೆನ್ನಾಗಿದೆ."

"ಹೇಳ್ಬೇಡ್ವೇ, ಉರಿಯುತ್ತೆ" ಎಂದೆ.

"ಉರಿಲಿ ಬಿಡಿ. ಬರ್ತೀರೋ ಇಲ್ವೋ?"

ಅಡುಗೆಮನೆಯಿಂದ ಅತ್ತೆ ಇಣುಕಿ, ಏನಂತೆ ಎಂದರು. ಹೇಳಿದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಸ್ವಲ್ಪ ಯೋಚಿಸಿ, "ಬಸ್ಸಲ್ಲಿ ನಂಗೆ ಕಿಟಕಿ ಹತ್ರ ಸೀಟು ನೋಡು" ಎಂದು ಒಳಗೆ ಹೋದರು.